‘ಹೋಮ್ ಅಲೋನ್’ ಚಿತ್ರದಲ್ಲಿ ತಪ್ಪು ಹುಡುಕುವುದು ಹೇಗೆ? ಪಟ್ಟಿ ಬರೆಯುವವರಿಗೊಂದು ಸಮಗ್ರ ಮಾರ್ಗದರ್ಶಿ

ಡಿಸೆಂಬರ್ ಬಂತೆಂದರೆ ‘ಈ ಚಿತ್ರದಲ್ಲಿ ನೀವು ಗಮನಿಸದ ತಪ್ಪುಗಳು’ ಎಂಬ ಪಟ್ಟಿಗಳು ಸಾಲುಗಟ್ಟಿ ಬರುತ್ತವೆ. 1990ರ ‘ಹೋಮ್ ಅಲೋನ್’ ಅವುಗಳಲ್ಲಿ ಖಾಯಂ ಗಿರಾಕಿ. ಕ್ರಿಸ್‌ಮಸ್‌ಗೆ ಪ್ಯಾರಿಸಿಗೆ ಹೊರಟ ಕುಟುಂಬ ಎಂಟು ವರ್ಷದ ಕೆವಿನ್‌ನನ್ನು ಶಿಕಾಗೋ ಬಳಿಯ ಮನೆಯಲ್ಲೇ ಮರೆತು ಹೋಗುತ್ತದೆ, ಮನೆಗೆ ನುಗ್ಗುವ ಹ್ಯಾರಿ ಮತ್ತು ಮಾರ್ವ್ ಎಂಬ ಕಳ್ಳರನ್ನು ಅವನೊಬ್ಬನೇ ಎದುರಿಸುತ್ತಾನೆ. ಇದು ಚಿತ್ರದ ಕಥೆ. ಬರೆಯುವವರು ಶ್ರದ್ಧೆಯಿಂದಲೇ ಬರೆಯುತ್ತಾರೆ, ಆದರೆ ಎಡವುವುದು ಪ್ರತಿ ಸಲವೂ ಅದೇ ಮೂರು ಕಡೆ. ತಾವು ನೋಡಿದ ಪ್ರತಿಯ ದೋಷವನ್ನು ಚಿತ್ರದ ತಲೆಗೆ ಕಟ್ಟುತ್ತಾರೆ. ಚಿತ್ರದೊಳಗೇ ಉತ್ತರವಿರುವ ಪ್ರಶ್ನೆಯನ್ನು ‘ಲಾಜಿಕ್ ಇಲ್ಲ’ ಎಂದು ಬರೆಯುತ್ತಾರೆ. ಮೂರನೆಯದಾಗಿ, ಇನ್ನೊಬ್ಬರ ಪಟ್ಟಿಯಲ್ಲಿದ್ದ ಗಾಳಿಸುದ್ದಿಯನ್ನು ಹಾಗೇ ಎತ್ತಿಡುತ್ತಾರೆ.

ಇದಕ್ಕೆಲ್ಲ ಕಾರಣ ಕೆಲಸದ ಕ್ರಮ ತಪ್ಪಿರುವುದು. ಏನೋ ಕಣ್ಣಿಗೆ ಬಿದ್ದ ಕೂಡಲೇ ಬರೆದುಬಿಡುವ ಬದಲು, ಆ ತಪ್ಪು ಯಾರದು ಎಂದು ಮೊದಲು ಪತ್ತೆ ಮಾಡಬೇಕು: ಚಿತ್ರತಂಡದ್ದೋ, ಡಿವಿಡಿ ಮಾಡಿದವರದೋ, ಡಬ್ಬಿಂಗ್‌ನವರದೋ, ಅಥವಾ ನೋಡಿದವರ ನೆನಪಿನದೋ. ಕೆಳಗಿನ ಹಂತಗಳನ್ನು ಅದೇ ಸರದಿಯಲ್ಲಿ ಮಾಡಿ. ಉದಾಹರಣೆಗಳೆಲ್ಲ ‘ಹೋಮ್ ಅಲೋನ್’ನವು, ವಿಧಾನ ಯಾವ ಚಿತ್ರಕ್ಕಾದರೂ ಆಗುತ್ತದೆ.

ಬೇಕಾದ ಸಾಮಗ್ರಿ

ಚಿತ್ರದ ಪೂರ್ತಿ ಪ್ರತಿ ಬೇಕು. ಬ್ಲೂ-ರೇ ಇದ್ದರೆ ಉತ್ತಮ, ಇಲ್ಲವಾದರೆ ಅಧಿಕೃತ ಓಟಿಟಿ. ಯೂಟ್ಯೂಬ್‌ನ ತುಣುಕುಗಳು ಈ ಕೆಲಸಕ್ಕೆ ಬಾರವು. ಹಕ್ಕುಸ್ವಾಮ್ಯದ ಪತ್ತೆಯಿಂದ ತಪ್ಪಿಸಿಕೊಳ್ಳಲು ಚಿತ್ರವನ್ನು ಎಡಬಲ ತಿರುಗಿಸಿ, ವೇಗ ಬದಲಿಸಿ ಹಾಕುವವರು ಬಹಳ ಮಂದಿ.

ಡಿಸ್ಕ್ ನೋಡುವುದಾದರೆ ಒಂದೊಂದೇ ಫ್ರೇಮ್ ಸರಿಸುವ ಪ್ಲೇಯರ್ ಬೇಕು. ವಿಎಲ್‌ಸಿಯಲ್ಲಿ ‘ಇ’ ಕೀ ಒತ್ತಿದರೆ ಒಂದು ಫ್ರೇಮ್ ಮುಂದೆ ಹೋಗುತ್ತದೆ, ಹಿಂದೆ ಬರುವ ಸೌಲಭ್ಯ ಅದರಲ್ಲಿ ಸಲೀಸಾಗಿಲ್ಲ. ಎಂಪಿವಿ ಪ್ಲೇಯರ್‌ನಲ್ಲಿ ಪೂರ್ಣವಿರಾಮದ ಕೀ ಮುಂದಕ್ಕೆ, ಅಲ್ಪವಿರಾಮದ ಕೀ ಹಿಂದಕ್ಕೆ. ಈ ಕೆಲಸಕ್ಕೆ ಎಂಪಿವಿಯೇ ಹೆಚ್ಚು ಅನುಕೂಲ. ಓಟಿಟಿಯಲ್ಲಿ ಸ್ಕ್ರೀನ್‌ಶಾಟ್ ತೆಗೆದರೆ ಬರೀ ಕಪ್ಪು ಬರುವುದುಂಟು. ಅದು ನಿಮ್ಮ ಮೊಬೈಲಿನ ದೋಷವಲ್ಲ, ನಕಲು ತಡೆಯುವ ಏರ್ಪಾಡು.

ಜೊತೆಗೆ ಒಂದು ಸ್ಪ್ರೆಡ್‌ಶೀಟ್, ಇಂಗ್ಲಿಷ್ ಸಬ್‌ಟೈಟಲ್, ನಕಾಶೆ. ಇಷ್ಟು ಸಾಕು.

ಹಂತ 1: ಕೈಯಲ್ಲಿರುವ ಪ್ರತಿ ಎಂಥದ್ದು ಎಂದು ತಿಳಿಯಿರಿ

ಇದನ್ನು ಬಿಟ್ಟವರ ಪಟ್ಟಿ ಮುಂದೆ ಎಲ್ಲೋ ಒಂದು ಕಡೆ ಕುಸಿದೇ ಕುಸಿಯುತ್ತದೆ. ನಾಲ್ಕು ಸಂಗತಿ ನೋಡಿಕೊಳ್ಳಿ.

ಮೊದಲನೆಯದು ಅವಧಿ. ‘ಹೋಮ್ ಅಲೋನ್’ 103 ನಿಮಿಷದ ಚಿತ್ರ. ನಿಮ್ಮ ಡಿವಿಡಿ ಸುಮಾರು 99 ನಿಮಿಷ ತೋರಿಸಿದರೆ ದೃಶ್ಯ ಕತ್ತರಿಸಿದ್ದಾರೆಂದು ಗಾಬರಿಯಾಗಬೇಡಿ. ಚಿತ್ರ ತೆಗೆದದ್ದು ಸೆಕೆಂಡಿಗೆ 24 ಫ್ರೇಮ್‌ನಂತೆ. ನಮ್ಮ ದೇಶದಲ್ಲಿ ಬಳಕೆಯಲ್ಲಿದ್ದ ಪಾಲ್ ಎಂಬ ಟಿವಿ ಪದ್ಧತಿಯ ಡಿವಿಡಿ ಅದನ್ನು 25ರ ವೇಗದಲ್ಲಿ ಓಡಿಸುತ್ತದೆ. ಹಾಗಾಗಿ ಶೇಕಡಾ 4ರಷ್ಟು ಬೇಗ ಮುಗಿಯುತ್ತದೆ. ಬ್ಲೂ-ರೇಯಲ್ಲಿ 60ನೇ ನಿಮಿಷಕ್ಕೆ ಬರುವ ದೃಶ್ಯ ಪಾಲ್ ಡಿವಿಡಿಯಲ್ಲಿ 57 ನಿಮಿಷ 36 ಸೆಕೆಂಡಿಗೆ ಬಂದಿರುತ್ತದೆ. ಇದು ಗೊತ್ತಿಲ್ಲದೆ ಸಮಯ ನಮೂದಿಸಿದರೆ ಓದುಗರು ಆ ಜಾಗಕ್ಕೆ ಹೋಗಿ ಏನೂ ಕಾಣದೆ ವಾಪಸಾಗುತ್ತಾರೆ.

ಎರಡನೆಯದು ಚೌಕಟ್ಟು. ಚಿತ್ರಮಂದಿರಕ್ಕೆ ಸಿದ್ಧಪಡಿಸಿದ ಅಗಲ-ಎತ್ತರದ ಅಳತೆ 1.85:1. ಹಳೆಯ ಟಿವಿಯ 4:3 ಪ್ರತಿಗಳನ್ನು ಮಾಡುವಾಗ ಎಷ್ಟೋ ಚಿತ್ರಗಳಲ್ಲಿ ಮೇಲೆ, ಕೆಳಗೆ ಮುಚ್ಚಿಟ್ಟಿದ್ದ ಭಾಗವನ್ನು ತೆರೆದು ತೋರಿಸಿದ್ದಾರೆ. ಆಗ ಮೇಲಿನಿಂದ ಮೈಕ್ ಇಣುಕುತ್ತದೆ, ಕೆಳಗೆ ಟ್ರಾಲಿ ಹಳಿ ಕಾಣುತ್ತದೆ. ಚಿತ್ರಮಂದಿರದಲ್ಲಿ ಅವು ಕಾಣುತ್ತಲೇ ಇರಲಿಲ್ಲ. 4:3 ಪ್ರತಿಯಲ್ಲಿ ಮಾತ್ರ ಕಂಡ ಮೈಕನ್ನು ಚಿತ್ರತಂಡದ ಲೆಕ್ಕಕ್ಕೆ ಸೇರಿಸುವುದು ಅನ್ಯಾಯ.

ಮೂರನೆಯದು ಧ್ವನಿ. ಡಬ್ ಆದ ಪ್ರತಿಯಲ್ಲಿ ತುಟಿಗೂ ಮಾತಿಗೂ ಹೊಂದದಿದ್ದರೆ, ಮಾತಿನಲ್ಲಿ ಅಂಕಿ ಅಥವಾ ಊರಿನ ಹೆಸರು ಬೇರೆಯಾಗಿದ್ದರೆ, ಮೂಲ ಇಂಗ್ಲಿಷ್ ಧ್ವನಿ ಕೇಳಿದ ಮೇಲಷ್ಟೇ ತೀರ್ಮಾನಿಸಿ.

ನಾಲ್ಕನೆಯದು ಕತ್ತರಿ. ಟಿವಿ ವಾಹಿನಿಗಳು ಜಾಹೀರಾತಿನ ಸಮಯಕ್ಕೆ ಹೊಂದಿಸಲು ದೃಶ್ಯಗಳನ್ನು ಮೊಟಕು ಮಾಡುತ್ತವೆ. ವಸ್ತು ಇದ್ದಕ್ಕಿದ್ದಂತೆ ಜಾಗ ಬದಲಿಸಿದಂತೆ ಕಂಡರೆ ನಡುವಿನ ಶಾಟ್ ಹಾರಿರಬಹುದು.

ಎಚ್ಚರಿಕೆಯ ಗುರುತು: ನಿಲ್ಲಿಸಿದ ಚಿತ್ರದಲ್ಲಿ ಎರಡು ದೃಶ್ಯ ಒಂದರ ಮೇಲೊಂದು ಮಬ್ಬಾಗಿ ಕಂಡರೆ ಅದು ಅಮೆರಿಕದ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿಯ ಡಿವಿಡಿಗೆ 24 ಫ್ರೇಮನ್ನು 30ಕ್ಕೆ ಹಿಗ್ಗಿಸಿದ್ದರ ಫಲ. ‘ದೆವ್ವದ ನೆರಳು’ ಎಂದು ಓಡಾಡುವ ಸ್ಕ್ರೀನ್‌ಶಾಟ್‌ಗಳಲ್ಲಿ ಕೆಲವು ಹೀಗೆ ಹುಟ್ಟಿದವು.

ಹಂತ 2: ಮೊದಲ ಸಲ ನಿಲ್ಲಿಸದೆ ನೋಡಿ

ಪೂರ್ತಿ ಚಿತ್ರವನ್ನು ಒಮ್ಮೆ ಕೂತು ನೋಡಿ. ಅನುಮಾನ ಬಂದ ಕಡೆ ಸಮಯವನ್ನಷ್ಟೇ ಬರೆದುಕೊಳ್ಳಿ, ಹಿಂದೆ ಹೋಗಬೇಡಿ. ಸಾಮಾನ್ಯ ವೇಗದಲ್ಲಿ ಕಣ್ಣಿಗೆ ಬಿದ್ದ ತಪ್ಪಿಗೂ ಫ್ರೇಮ್ ಹಿಡಿದು ಜಗ್ಗಿದಾಗ ಸಿಕ್ಕ ತಪ್ಪಿಗೂ ತೂಕ ಬೇರೆ. ಪಟ್ಟಿಯಲ್ಲಿ ಅದನ್ನು ಹೇಳಬೇಕಾಗುತ್ತದೆ.

ಹಂತ 3: ಅನುಮಾನಗಳನ್ನು ಬಗೆ ಬಗೆಯಾಗಿ ಬೇರ್ಪಡಿಸಿ

ಎಲ್ಲವನ್ನೂ ‘ತಪ್ಪು’ ಎಂದು ಒಂದೇ ಬುಟ್ಟಿಗೆ ಹಾಕಿದರೆ ಪರಿಶೀಲಿಸುವ ದಾರಿಯೇ ಮುಚ್ಚಿಹೋಗುತ್ತದೆ, ಏಕೆಂದರೆ ಒಂದೊಂದು ಬಗೆಗೂ ಬೇಕಾಗುವ ಪುರಾವೆ ಬೇರೆ.

*ಕಂಟಿನ್ಯುಯಿಟಿ ತಪ್ಪು.* ಒಂದು ಶಾಟ್‌ನಲ್ಲಿ ಇದ್ದದ್ದು ಮುಂದಿನ ಶಾಟ್‌ನಲ್ಲಿ ಬೇರೆಯಾಗುವುದು. ಎರಡು ಫ್ರೇಮ್‌ಗಳ ಪುರಾವೆ ಬೇಕು.

*ಕ್ಯಾಮೆರಾಗೆ ಸಿಕ್ಕಿಬಿದ್ದದ್ದು.* ಮೈಕ್, ಲೈಟ್ ಸ್ಟ್ಯಾಂಡ್, ಗಾಜಿನಲ್ಲಿ ಪ್ರತಿಫಲಿಸಿದ ತಂಡದವರು, ಸ್ಟಂಟ್ ಮಾಡಿದವರ ಮುಖ. ಮಾರ್ವ್ ಬರಿಗಾಲಲ್ಲಿ ಓಡಾಡುವ ದೃಶ್ಯಗಳಿಗೆ ನಟ ಡೇನಿಯಲ್ ಸ್ಟರ್ನ್ ರಬ್ಬರಿನ ಪಾದ ತೊಟ್ಟಿದ್ದರು. ಆ ರಬ್ಬರ್ ಅಂಚು ತೆರೆಯ ಮೇಲೆ ಕಂಡರೆ ಮಾತ್ರ ಅದು ತಪ್ಪು. ಕಾಣದೆ, ಸಂದರ್ಶನದಿಂದ ನಮಗೆ ಗೊತ್ತಾಗಿದ್ದರೆ ಅದು ಟ್ರಿವಿಯಾ, ಅಂದರೆ ಚಿತ್ರದ ಬಗೆಗಿನ ಸ್ವಾರಸ್ಯದ ಸಂಗತಿ.

*ವಾಸ್ತವದ ತಪ್ಪು.* ಊರು, ದೂರ, ಗಡಿಯಾರ, ಲೆಕ್ಕ, ವಿಜ್ಞಾನಕ್ಕೆ ಸಂಬಂಧಿಸಿದ್ದು. ಪುರಾವೆ ಚಿತ್ರದ ಹೊರಗಿರುತ್ತದೆ.

*ಕಥೆಯ ಬಿರುಕು.* ಚಿತ್ರ ತಾನೇ ಹೇಳಿದ ಮಾತಿಗೆ ತಾನೇ ವಿರುದ್ಧವಾಗುವುದು. ಪಾತ್ರ ದಡ್ಡತನದಿಂದ ಏನೋ ಮಾಡಿದರೆ ಅದು ಬಿರುಕಲ್ಲ.

*ಬೇಕೆಂದೇ ಮಾಡಿದ ಅತಿರೇಕ.* ಇದನ್ನು ಚಿತ್ರೀಕರಣದ ತಪ್ಪೆಂದು ಪಟ್ಟಿಗೆ ಸೇರಿಸಬೇಡಿ. ಇಸ್ತ್ರಿಪೆಟ್ಟಿಗೆ ಮುಖದ ಮೇಲೆ ಬಿದ್ದರೂ ಕಳ್ಳ ಎದ್ದು ಓಡಾಡುತ್ತಾನೆ, ಬಣ್ಣದ ಡಬ್ಬ ಹೊಡೆದರೂ ಮತ್ತೆ ಮೆಟ್ಟಿಲು ಹತ್ತುತ್ತಾನೆ. ನಿರ್ದೇಶಕ ಕ್ರಿಸ್ ಕೊಲಂಬಸ್ ಆ ಭಾಗವನ್ನು ಕಾರ್ಟೂನಿನ ನಿಯಮದಲ್ಲೇ ಕಟ್ಟಿದ್ದಾರೆ. ‘ನಿಜವಾದರೆ ಸಾಯುತ್ತಿದ್ದರು’ ಎನ್ನುವುದು ಸರಿಯಾದ ಮಾತೇ, ಆದರೆ ಚಿತ್ರೀಕರಣದ ತಪ್ಪಲ್ಲ.

ಚಿತ್ರೀಕರಣದ ಜಾಗದ ವಿಷಯವೂ ಹೀಗೆಯೇ. ಪ್ಯಾರಿಸ್ ವಿಮಾನ ನಿಲ್ದಾಣದ ದೃಶ್ಯ ತೆಗೆದದ್ದು ಶಿಕಾಗೋದ ಓಹೇರ್‌ನಲ್ಲೇ. ಮನೆಯ ಹೊರನೋಟ ಇಲಿನಾಯ್ ರಾಜ್ಯದ ವಿನೆಟ್ಕಾದ ನಿಜವಾದ ಮನೆಯದು. ಒಳಾಂಗಣದ ಹೆಚ್ಚಿನ ಭಾಗವನ್ನು ಅಲ್ಲೇ ಹತ್ತಿರದಲ್ಲಿ ಖಾಲಿ ಬಿದ್ದಿದ್ದ ಹೈಸ್ಕೂಲಿನ ಕಟ್ಟಡದಲ್ಲಿ ಸೆಟ್ ಹಾಕಿ ತೆಗೆದರು. ನೀರು ತುಂಬಿದ ನೆಲಮಾಳಿಗೆಯನ್ನು ಕಟ್ಟಿದ್ದು ಆ ಶಾಲೆಯ ಈಜುಕೊಳದಲ್ಲಿ. ಇವೆಲ್ಲ ಸೊಗಸಾದ ಟ್ರಿವಿಯಾ, ತಪ್ಪುಗಳಲ್ಲ. ಪ್ಯಾರಿಸ್ ಎಂದು ತೋರಿಸಿದ ಕಡೆ ಅಮೆರಿಕದ್ದೇ ಫಲಕ ಸ್ಪಷ್ಟವಾಗಿ ಓದಲು ಸಿಕ್ಕರೆ ಆಗ ತಪ್ಪು ಎನ್ನಬಹುದು.

ಹಂತ 4: ಉತ್ತರ ಚಿತ್ರದೊಳಗೇ ಇದೆಯೇ ನೋಡಿ

ಅತಿ ಹೆಚ್ಚು ಜನ ಸೋಲುವ ಹಂತ ಇದು, ಹೆಚ್ಚು ಸಮಯ ಕೊಡಬೇಕಾದದ್ದೂ ಇದಕ್ಕೇ. ಕಥೆಯ ಬಿರುಕು ಎಂದು ಬರೆಯುವ ಮೊದಲು, ಅದಕ್ಕೆ ಸಂಬಂಧಿಸಿದ ಪಾತ್ರ ಬರುವ ಎಲ್ಲ ದೃಶ್ಯಗಳನ್ನೂ ಸಬ್‌ಟೈಟಲ್ ಹಾಕಿಕೊಂಡು ಮತ್ತೆ ನೋಡಿ. ಈ ಚಿತ್ರವನ್ನು ಬರೆದ ಜಾನ್ ಹ್ಯೂಸ್ ಉತ್ತರಗಳನ್ನು ಗಲಾಟೆಯ ನಡುವೆ ಅಡಗಿಸಿಟ್ಟಿದ್ದಾರೆ.

‘ಹದಿನೈದು ಜನರ ಕುಟುಂಬ ಮಗುವನ್ನು ಹೇಗೆ ಮರೆಯುತ್ತದೆ?’ ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ರಾತ್ರಿ ಗಾಳಿಗೆ ಕೊಂಬೆ ಬಿದ್ದು ಕರೆಂಟ್ ಹೋಗುತ್ತದೆ, ಅಲಾರಂ ಗಡಿಯಾರ ನಿಂತು ಮನೆಯವರೆಲ್ಲ ತಡವಾಗಿ ಏಳುತ್ತಾರೆ. ಬೆಳಿಗ್ಗೆ ವ್ಯಾನಿನ ಹತ್ತಿರ ಕೆವಿನ್‌ನ ಸೋದರಸಂಬಂಧಿ ಹೆದರ್ ತಲೆ ಎಣಿಸುತ್ತಾಳೆ: ತಾನೂ ಸೇರಿ ಹನ್ನೊಂದು ಮಕ್ಕಳು, ಐದು ಹುಡುಗರು, ಆರು ಹುಡುಗಿಯರು, ನಾಲ್ವರು ದೊಡ್ಡವರು. ಆ ಐವರು ಹುಡುಗರಲ್ಲಿ ಒಬ್ಬ ಕೆವಿನ್ ಅಲ್ಲ, ಸಾಮಾನಿನಲ್ಲಿ ತಲೆ ಹಾಕಿ ನಿಂತಿದ್ದ ಎದುರುಮನೆಯ ಮಿಚ್ ಮರ್ಫಿ. ಎಣಿಸುವಾಗ ಕೆವಿನ್‌ನ ಅಣ್ಣ ಬಜ್ ಬೇಕಂತಲೇ ಅಡ್ಡಾದಿಡ್ಡಿ ಸಂಖ್ಯೆ ಕೂಗಿ ಗೊಂದಲ ಮಾಡುತ್ತಾನೆ.

ಸರಿ, ವಿಮಾನ ಹತ್ತುವಾಗ ಒಂದು ಟಿಕೆಟ್ ಮಿಕ್ಕಬೇಕಿತ್ತಲ್ಲ? ಹಿಂದಿನ ರಾತ್ರಿಯ ಅಡುಗೆಮನೆ ದೃಶ್ಯಕ್ಕೆ ಹೋಗಿ. ಕೆವಿನ್ ಬಜ್ ಮೇಲೆ ಬೀಳುತ್ತಾನೆ, ಹಾಲು ಚೆಲ್ಲುತ್ತದೆ, ಪಾಸ್‌ಪೋರ್ಟ್ ಮತ್ತು ಟಿಕೆಟ್‌ಗಳೆಲ್ಲ ತೊಯ್ಯುತ್ತವೆ. ಎಲ್ಲರೂ ನ್ಯಾಪ್‌ಕಿನ್ ಹಿಡಿದು ಒರೆಸುತ್ತಾರೆ. ಅಪ್ಪ ಪೀಟರ್ ಒದ್ದೆ ನ್ಯಾಪ್‌ಕಿನ್‌ಗಳ ಉಂಡೆಯನ್ನು ಕಸದ ಡಬ್ಬಿಗೆ ಹಾಕುವಾಗ ಒಂದು ಟಿಕೆಟ್ ಕೂಡ ಅದರ ಜೊತೆ ಹೋಗುತ್ತದೆ. ಇಲ್ಲಿ ಫ್ರೇಮ್ ಫ್ರೇಮ್ ಸರಿಸಿ ನೋಡಿ, ಕೆವಿನ್ ಹೆಸರಿನ ಟಿಕೆಟ್ ಕಾಣುತ್ತದೆ. ಇನ್ನು ವಿಮಾನದಲ್ಲಿ ದೊಡ್ಡವರು ಮುಂದಿನ ಫಸ್ಟ್ ಕ್ಲಾಸ್‌ನಲ್ಲಿ, ಮಕ್ಕಳು ಹಿಂದೆ. ಖಾಲಿ ಸೀಟು ಅಪ್ಪ ಅಮ್ಮನ ಕಣ್ಣಿಗೆ ಬೀಳುವ ಅವಕಾಶವೇ ಇಲ್ಲ. ಇಷ್ಟು ಭದ್ರವಾಗಿ ಹೆಣೆದ ಭಾಗವನ್ನು ‘ಲಾಜಿಕ್ ಇಲ್ಲ’ ಎಂದು ಬರೆದರೆ ಅಡುಗೆಮನೆ ದೃಶ್ಯವನ್ನು ನೋಡಿಲ್ಲ ಎಂದೇ ಅರ್ಥ.

‘ಕೆವಿನ್ ಪೊಲೀಸರಿಗೆ ಹೇಳಬಹುದಿತ್ತು’ ಎನ್ನುವುದೂ ಹಾಗೆಯೇ. ಮೊದಲು ಅವನು ತನ್ನ ಬಯಕೆಯಿಂದಲೇ ಮನೆಯವರು ಮಾಯವಾದರೆಂದು ನಂಬಿರುತ್ತಾನೆ. ಆಮೇಲೆ ಅಂಗಡಿಯಲ್ಲಿ ಹಲ್ಲುಜ್ಜುವ ಬ್ರಷ್‌ಗೆ ಹಣ ಕೊಡದೆ ಓಡಿ, ಪೊಲೀಸರ ಕೈಯಿಂದ ತಪ್ಪಿಸಿಕೊಂಡು, ತಾನೇ ಅಪರಾಧಿ ಎಂದುಕೊಳ್ಳುತ್ತಾನೆ. ಮನೆಗೆ ಪೊಲೀಸ್ ವೇಷದಲ್ಲಿ ಬಂದಿದ್ದವನೇ ಕಳ್ಳ ಎಂಬುದು ಹ್ಯಾರಿಯ ಚಿನ್ನದ ಹಲ್ಲು ಕಂಡಾಗ ಅವನಿಗೆ ತಿಳಿಯುತ್ತದೆ. ಪೊಲೀಸರ ಹತ್ತಿರ ಹೋಗದಿರಲು ಎಂಟು ವರ್ಷದ ಹುಡುಗನಿಗೆ ಇಷ್ಟು ಕಾರಣ ಸಾಲದೇ?

ಈಗ ನಿಜವಾದ ಬಿರುಕು: ಫೋನ್. ಹೊರಡುವ ಬೆಳಿಗ್ಗೆ ರಿಪೇರಿಯವನು ಅಮ್ಮ ಕೇಟ್‌ಗೆ ಕರೆಂಟ್ ಸರಿಹೋಗಿದೆ, ಫೋನ್ ತಂತಿ ಸರಿಮಾಡಲು ಒಂದೆರಡು ದಿನ ಹಿಡಿಯುತ್ತದೆ ಎನ್ನುತ್ತಾನೆ. ಮನೆಯ ಫೋನ್ ಇನ್ನೂ ಕೆಟ್ಟಿದೆ ಎಂಬ ಉತ್ತರ ಕೇಟ್‌ಗೆ ವಿಮಾನದಲ್ಲೂ ಸಿಗುತ್ತದೆ. ಆದರೆ ಕೆವಿನ್ ಅದೇ ಮನೆಯಿಂದ ಫೋನ್ ಮಾಡಿ ಪಿಜ್ಜಾ ತರಿಸುತ್ತಾನೆ. ಕ್ರಿಸ್‌ಮಸ್ ಹಿಂದಿನ ರಾತ್ರಿ ಮರ್ಫಿ ಎಂಬ ಹೆಸರಿನಲ್ಲಿ ಪೊಲೀಸರಿಗೂ ಫೋನ್ ಮಾಡುತ್ತಾನೆ. ಪೊಲೀಸರಿಗೆ ಮಾಡಿದ ಕರೆಯ ಹೊತ್ತಿಗೆ ತಂತಿ ಸರಿಯಾಗಿತ್ತು ಎನ್ನಬಹುದು. ರಿಪೇರಿಯವನ ಮಾತಿಗೆ ಅದು ಹೊಂದುತ್ತದೆ. ಸರಿಯಾದ ಮೇಲೂ ಮನೆಯವರು ಪ್ಯಾರಿಸಿನಿಂದ ಈ ನಂಬರಿಗೆ ಮತ್ತೆ ಮತ್ತೆ ಯತ್ನಿಸಲಿಲ್ಲವೇಕೆ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ‘ಲೋಕಲ್ ಕರೆ ಹೋಗುತ್ತಿತ್ತು, ದೂರದ ಕರೆ ಮಾತ್ರ ಬರುತ್ತಿರಲಿಲ್ಲ’ ಎಂಬ ಸಮರ್ಥನೆ ಬಹಳ ಕಡೆ ಓಡಾಡುತ್ತದೆ. ಬೀದಿಯ ತಂತಿಯೇ ತುಂಡಾಗಿದ್ದರೆ ಎರಡೂ ನಿಲ್ಲಬೇಕು, ಆದ್ದರಿಂದ ಅದು ಸಾಲದು. ಇದನ್ನು ಪಟ್ಟಿಗೆ ಹಾಕಿ. ಹಾಕುವಾಗ ಎರಡು ಕಡೆಯ ವಾದವನ್ನೂ ಬರೆಯಿರಿ.

ಎಚ್ಚರಿಕೆಯ ಗುರುತು: ನೀವು ಬರೆದ ವಾಕ್ಯ ‘ಯಾಕೆ ಹೀಗೆ ಮಾಡಲಿಲ್ಲ?’ ಎಂದು ಮುಗಿದರೆ ಅದು ಬಹುತೇಕ ಪಾತ್ರದ ಮೇಲಿನ ದೂರು, ಬಿರುಕಲ್ಲ. ‘ಮೊದಲು ಹೀಗೆಂದರು, ಆಮೇಲೆ ಹೀಗಾಯಿತು’ ಎಂಬ ರೂಪಕ್ಕೆ ಬಂದರೆ ಮಾತ್ರ ಬಿರುಕು.

ಹಂತ 5: ಕಂಟಿನ್ಯುಯಿಟಿ ತಪಾಸಣೆ

ಎಲ್ಲ ದೃಶ್ಯಗಳಲ್ಲೂ ಹುಡುಕಲು ಹೋದರೆ ಕಣ್ಣು ಸೋಲುತ್ತದೆ. ತಪ್ಪು ಹುಟ್ಟುವ ಸಾಧ್ಯತೆ ಹೆಚ್ಚಿರುವ ದೃಶ್ಯಗಳನ್ನು ಆರಿಸಿ: ಊಟ, ದ್ರವ ಚೆಲ್ಲುವುದು, ಉರಿಯುವ ಮೇಣದಬತ್ತಿ, ಗಡಿಯಾರ, ಹಿಮ, ಗಾಯ, ಕೊಳೆಯಾಗುವ ಬಟ್ಟೆ. ಒಂದೇ ದೃಶ್ಯವನ್ನು ಹಲವು ಟೇಕ್‌ಗಳಲ್ಲಿ, ಹಲವು ಕೋನಗಳಿಂದ ತೆಗೆಯುತ್ತಾರೆ. ಪ್ರತಿ ಟೇಕ್‌ಗೂ ಲೋಟ ಮತ್ತೆ ತುಂಬಬೇಕು, ಬತ್ತಿ ಮತ್ತೆ ಹಚ್ಚಬೇಕು. ಸಂಕಲನಕಾರರು ನಟನೆ ಚೆನ್ನಾಗಿ ಬಂದ ಟೇಕನ್ನು ಆರಿಸುತ್ತಾರೆ, ಲೋಟದ ಮಟ್ಟ ನೋಡಿ ಅಲ್ಲ. ಅದು ಸರಿಯಾದ ಆಯ್ಕೆಯೇ.

ಈ ಚಿತ್ರಕ್ಕೆ ಇನ್ನೂ ಎರಡು ಕಾರಣ ಸೇರುತ್ತವೆ. ಮುಖ್ಯ ನಟ ಮೆಕಾಲಿ ಕಲ್ಕಿನ್ ಹುಟ್ಟಿದ್ದು 1980ರ ಆಗಸ್ಟ್‌ನಲ್ಲಿ, ಅಂದರೆ ಚಿತ್ರೀಕರಣದ ಹೊತ್ತಿಗೆ ಹತ್ತು ತುಂಬಿರಲಿಲ್ಲ. ಮಕ್ಕಳನ್ನು ರಾತ್ರಿ ಎಷ್ಟು ಹೊತ್ತಿನವರೆಗೆ ದುಡಿಸಬಹುದು ಎಂಬುದಕ್ಕೆ ಮಿತಿಯಿದೆ, ಕಥೆಯಲ್ಲೋ ರಾತ್ರಿಯ ದೃಶ್ಯಗಳೇ ಹೆಚ್ಚು. ಅಪಾಯದ ಶಾಟ್‌ಗಳಿಗೆ ಗಿಡ್ಡನೆಯ ವಯಸ್ಕ ಸ್ಟಂಟ್ ಕಲಾವಿದರನ್ನು ಬಳಸಿದ್ದರು. ಎರಡನೆಯ ಕಾರಣ ಚಿತ್ರೀಕರಣ ಚಳಿಗಾಲದ ಕೊನೆಯಲ್ಲಿ ಶುರುವಾಗಿ ವಸಂತದವರೆಗೆ ನಡೆದದ್ದು. ಹಾಗಾಗಿ ಮನೆಯ ಹೊರಗಿನ ದೃಶ್ಯಗಳಲ್ಲಿ ಹಿಮದ ಪ್ರಮಾಣ, ಬಾಯಿಂದ ಹೊರಡುವ ಉಸಿರಿನ ಹಬೆ, ಮರದ ಕೊಂಬೆ ಇವುಗಳನ್ನು ಹೋಲಿಸುವುದು ಫಲ ಕೊಡುತ್ತದೆ.

ಕೆಲಸ ಹೀಗೆ ಸಾಗಲಿ:

1. ದೃಶ್ಯದ ಪ್ರತಿ ಶಾಟ್‌ಗೆ ಒಂದು ಸಾಲು. ಕಾಲಂಗಳು: ಶಾಟ್ ಸಂಖ್ಯೆ, ಶುರುವಾದ ಸಮಯ, ಎಡಗೈ, ಬಲಗೈ, ಬಟ್ಟೆ, ಮೇಜಿನ ಮೇಲಿನ ವಸ್ತು, ಹಿನ್ನೆಲೆ, ಬೆಳಕು.

2. ಧ್ವನಿ ತೆಗೆದು ನೋಡಿ. ಮಾತು ಕೇಳುತ್ತಿದ್ದರೆ ಕಣ್ಣು ಮುಖದ ಕಡೆಗೇ ಹೋಗುತ್ತದೆ.

3. ಒಂದು ಸಲಕ್ಕೆ ಒಂದೇ ವಸ್ತು. ಅಡುಗೆಮನೆ ದೃಶ್ಯವಾದರೆ ಮೊದಲ ಸುತ್ತು ಹಾಲು ಮಾತ್ರ, ಎರಡನೇ ಸುತ್ತು ಟಿಕೆಟ್‌ಗಳು, ಮೂರನೇ ಸುತ್ತು ಕೆವಿನ್‌ನ ಪುಟ್ಟ ಸೋದರಸಂಬಂಧಿ ಫುಲ್ಲರ್‌ನ ಪೆಪ್ಸಿ.

4. ವ್ಯತ್ಯಾಸ ಸಿಕ್ಕ ಎರಡು ಫ್ರೇಮ್‌ಗಳನ್ನು ಉಳಿಸಿ, ಹೆಸರಿನಲ್ಲೇ ಸಮಯ ಬರೆಯಿರಿ.

5. ಕೊನೆಯ ಪರೀಕ್ಷೆ: ಆ ಎರಡು ಫ್ರೇಮ್‌ಗಳ ನಡುವೆ ವಸ್ತು ಕ್ಯಾಮೆರಾಗೆ ಕಾಣದೆ ಇದ್ದ ಹೊತ್ತು ಎಷ್ಟು? ನಡುವೆ ಇನ್ನೊಬ್ಬರ ಮುಖ ನಾಲ್ಕು ಸೆಕೆಂಡ್ ತೋರಿಸಿದ್ದರೆ, ಅಷ್ಟರಲ್ಲಿ ಲೋಟ ಎತ್ತಿ ಕುಡಿದಿಡಬಹುದು. ಅದನ್ನು ತಪ್ಪು ಎನ್ನುವ ಹಾಗಿಲ್ಲ. ಖಾಲಿಯಾಗಿದ್ದ ಲೋಟ ತುಂಬಿಕೊಂಡಿದ್ದರೆ, ಒರೆಸಿದ ಕಲೆ ಮರಳಿದ್ದರೆ, ಕರಗಿದ ಬತ್ತಿ ಉದ್ದವಾಗಿದ್ದರೆ ಯಾವ ಸಮರ್ಥನೆಯೂ ನಿಲ್ಲದು.

ಈ ಐದನೇ ಪರೀಕ್ಷೆ ಮಾಡಿದರೆ ಪಟ್ಟಿ ಗಣನೀಯವಾಗಿ ಸಣ್ಣದಾಗುತ್ತದೆ. ಬೇಸರ ಬೇಡ, ಉಳಿದದ್ದನ್ನು ಯಾರೂ ಅಲ್ಲಗಳೆಯಲಾರರು.

ಹಂತ 6: ನಕಾಶೆ, ಗಡಿಯಾರ, ಕೂಡು-ಕಳೆ

ವಾಸ್ತವದ ತಪ್ಪು ಎಂದು ಬರೆಯುವ ಮೊದಲು ಲೆಕ್ಕ ನೀವೇ ಹಾಕಿ.

ಪಿಜ್ಜಾ ಬಿಲ್ 122.50 ಡಾಲರ್. ಮಾತಿನಲ್ಲಿ ‘ಹತ್ತು ಪಿಜ್ಜಾ, ತಲಾ 12 ಡಾಲರ್’ ಎನ್ನುತ್ತಾರೆ, ಅದು 120 ಆಗುತ್ತದೆ. ಇದನ್ನು ಗಣಿತದ ತಪ್ಪು ಎನ್ನುವವರಿದ್ದಾರೆ. ಒಂದಕ್ಕೆ 12.25 ಬಿದ್ದದ್ದನ್ನು ಯಾರಾದರೂ 12 ಎಂದೇ ಹೇಳುತ್ತಾರೆ. ಕೈಬಿಡಿ.

ಕೇಟ್‌ಳ ಪ್ರಯಾಣ ಪ್ಯಾರಿಸ್, ಡಾಲಸ್, ಸ್ಕ್ರಾಂಟನ್, ಅಲ್ಲಿಂದ ಪೋಲ್ಕಾ ವಾದ್ಯದವರ ವ್ಯಾನಿನಲ್ಲಿ ಶಿಕಾಗೋ. ಸ್ಕ್ರಾಂಟನ್‌ನಿಂದ ಶಿಕಾಗೋಗೆ ರಸ್ತೆಯಲ್ಲಿ ಸುಮಾರು 1,150 ಕಿ.ಮೀ., ಹನ್ನೆರಡು ಗಂಟೆಯ ಆಸುಪಾಸು. ಶಿಕಾಗೋ ಗಡಿಯಾರ ಸ್ಕ್ರಾಂಟನ್‌ಗಿಂತ ಒಂದು ಗಂಟೆ ಹಿಂದಿರುವುದರಿಂದ ಆ ಗಂಟೆಯೂ ಉಳಿಯುತ್ತದೆ. 24ರ ಸಂಜೆ ಹೊರಟರೆ ಕ್ರಿಸ್‌ಮಸ್ ಬೆಳಿಗ್ಗೆ ತಲುಪಬಹುದು. ವಾದ್ಯದವರು ಹೋಗಬೇಕಾದದ್ದು ಮಿಲ್ವಾಕಿಗೆ. ಶಿಕಾಗೋ ಅದೇ ದಾರಿಯಲ್ಲಿದೆ. ಚಿತ್ರ ಇಲ್ಲಿ ಪಾಸು.

ಬಾಗಿಲ ಹಿಡಿಯ ದೃಶ್ಯ ಬೇರೆ ಥರದ್ದು. ಕೆವಿನ್ ಒಳಗಡೆಯ ಹಿಡಿಗೆ ಇದ್ದಿಲು ಹೊತ್ತಿಸುವ ವಿದ್ಯುತ್ ಸಲಾಕೆ ನೇತುಹಾಕುತ್ತಾನೆ, ಹೊರಗಡೆಯ ಹಿಡಿ ಕೆಂಪಗೆ ಕಾಯುತ್ತದೆ. ಯಾವುದೇ ಘನವಸ್ತು ಕತ್ತಲಲ್ಲಿ ಕೆಂಪಾಗಿ ಕಾಣತೊಡಗುವುದು ಸುಮಾರು 525 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಷ್ಟು ಶಾಖ ಹೊರಗಿನ ಹಿಡಿಗೆ ತಲುಪುವ ಹೊತ್ತಿಗೆ ಮರದ ಬಾಗಿಲು ಹೊಗೆಯಾಡಬೇಕು. ಇದನ್ನು ವಾಸ್ತವದ ತಪ್ಪು ಎಂದು ಬರೆಯಬಹುದು, ‘ಹಾಸ್ಯಕ್ಕಾಗಿ ಮಾಡಿದ್ದು’ ಎಂಬ ಟಿಪ್ಪಣಿ ಜೊತೆಗಿರಲಿ. ಕಾದ ಹಿಡಿಯನ್ನು ಹಿಡಿದ ಹ್ಯಾರಿಯ ಅಂಗೈಯಲ್ಲಿ ಅದರ ಮೇಲಿನ ‘ಎಂ’ ಅಕ್ಷರ ತಿರುಗುಮುರುಗಾಗಿ ಮೂಡಬೇಕಿತ್ತು ಎನ್ನುವವರೂ ಇದ್ದಾರೆ. ಇಂಗ್ಲಿಷಿನ ದೊಡ್ಡ ‘ಎಂ’ ಕನ್ನಡಿಯಲ್ಲೂ ‘ಎಂ’ ಆಗಿಯೇ ಕಾಣುತ್ತದೆ. ಕಾಗದದ ಮೇಲೆ ಬರೆದು ಹಿಂಬದಿಯಿಂದ ಬೆಳಕಿಗೆ ಹಿಡಿದು ನೋಡಿದರೆ ಸಾಕು, ಆ ಆಕ್ಷೇಪ ಬಿದ್ದುಹೋಗುತ್ತದೆ.

ಹಂತ 7: ಟ್ರಿವಿಯಾ ಪರಿಶೀಲನೆ

ಟ್ರಿವಿಯಾಗೆ ತೆರೆಯ ಮೇಲೆ ಪುರಾವೆ ಇರುವುದಿಲ್ಲ, ಹಾಗಾಗಿ ಹೇಳಿದವರು ಯಾರು ಎಂಬುದೇ ಎಲ್ಲ. ಚಿತ್ರದ ಕೊನೆಯ ಹೆಸರುಗಳ ಪಟ್ಟಿ, ಡಿಸ್ಕ್‌ನಲ್ಲಿರುವ ನಿರ್ದೇಶಕರ ವ್ಯಾಖ್ಯಾನ, ನಟರು ತಾವೇ ಹೇಳಿದ ಸಂದರ್ಶನ, ಸಂಸ್ಥೆಗಳ ಅಧಿಕೃತ ದಾಖಲೆ: ಈ ಸಾಲಿನಲ್ಲಿ ನಂಬಿ. ಅಭಿಮಾನಿಗಳ ಪಟ್ಟಿಯನ್ನು ಸುಳಿವಾಗಿ ಮಾತ್ರ ಬಳಸಿ.

ಅಮೆರಿಕದ ಗಾಯಕ ಎಲ್ವಿಸ್ ಪ್ರೀಸ್ಲಿ ಕಥೆ ಇದಕ್ಕೆ ಒಳ್ಳೆಯ ಪಾಠ. ಸ್ಕ್ರಾಂಟನ್ ವಿಮಾನ ನಿಲ್ದಾಣದಲ್ಲಿ ಕೇಟ್ ಹಿಂದೆ ನಿಂತ ಗಡ್ಡದ ವ್ಯಕ್ತಿ ಎಲ್ವಿಸ್ ಎಂದು ಇವತ್ತಿಗೂ ಬರೆಯುತ್ತಾರೆ. ಎಲ್ವಿಸ್ ತೀರಿಕೊಂಡದ್ದು 1977ರ ಆಗಸ್ಟ್ 16ರಂದು. ಕೊಲಂಬಸ್ ಮತ್ತು ಕಲ್ಕಿನ್ ಡಿವಿಡಿಯ ವ್ಯಾಖ್ಯಾನದಲ್ಲೇ ಈ ವದಂತಿಯನ್ನು ತಳ್ಳಿಹಾಕಿದ್ದಾರೆ. ಬರೆಯುವುದಾದರೆ ‘ಹೀಗೊಂದು ವದಂತಿಯಿದೆ, ಅದು ಸುಳ್ಳು’ ಎಂದೇ ಶುರುಮಾಡಿ. ‘ಎಲ್ವಿಸ್ ಇದ್ದಾರಾ?’ ಎಂದು ಪ್ರಶ್ನೆ ಹಾಕಿ ಬಿಟ್ಟರೆ ಸುಳ್ಳನ್ನು ಮುಂದಕ್ಕೆ ದಾಟಿಸಿದಂತೆಯೇ.

ಖಚಿತವಾಗಿ ಬರೆಯಬಹುದಾದವೂ ಬೇಕಾದಷ್ಟಿವೆ. ಕೆವಿನ್ ಟಿವಿಯಲ್ಲಿ ನೋಡುವ ಕಪ್ಪು-ಬಿಳುಪು ಗ್ಯಾಂಗ್‌ಸ್ಟರ್ ಚಿತ್ರ ಹಳೆಯ ಚಿತ್ರವಲ್ಲ, ಇದಕ್ಕೆಂದೇ ತೆಗೆದ ತುಣುಕು. ಬಜ್‌ನ ಗೆಳತಿಯ ಫೋಟೊದಲ್ಲಿರುವುದು ಹುಡುಗಿಯ ವೇಷ ಹಾಕಿದ ಹುಡುಗ. ನಿಜವಾದ ಹುಡುಗಿಯೊಬ್ಬಳನ್ನು ಎಲ್ಲರೂ ನಗುವಂತೆ ಮಾಡುವುದು ಕೊಲಂಬಸ್‌ಗೆ ಬೇಕಿರಲಿಲ್ಲ. ಮಾರ್ವ್ ಮುಖದ ಮೇಲೆ ಹರಿದ ಜೇಡ ನಿಜವಾದದ್ದು. ಮನೆಯ ಗೋಡೆ, ಹಾಸು, ಬಟ್ಟೆಗಳಲ್ಲಿ ಕೆಂಪು ಮತ್ತು ಹಸಿರು ಮತ್ತೆ ಮತ್ತೆ ಬರುವುದು ಬೇಕೆಂದೇ ಮಾಡಿದ್ದು. ಇದಕ್ಕೆ ಮಾತ್ರ ಯಾವ ಸಂದರ್ಶನವೂ ಬೇಡ, ಅಡುಗೆಮನೆ ದೃಶ್ಯ ನಿಲ್ಲಿಸಿ ನೋಡಿದರೆ ಸಾಕು.

ಹಳಸಿದ ಟ್ರಿವಿಯಾ ಬಗ್ಗೆ ಎಚ್ಚರ. ಈ ಚಿತ್ರ ಜಗತ್ತಿನಾದ್ಯಂತ 47 ಕೋಟಿ ಡಾಲರ್‌ಗೂ ಮಿಕ್ಕಿ ಗಳಿಸಿ ಬಹುಕಾಲ (ಅನಿಮೇಷನ್ ಬಿಟ್ಟು) ಹಾಸ್ಯಚಿತ್ರಗಳ ಗಳಿಕೆಯಲ್ಲಿ ಮೊದಲಿತ್ತು. ಆ ದಾಖಲೆ ಆಮೇಲೆ ಮುರಿಯಿತು. ‘ಇಂದಿಗೂ’ ಎಂಬ ಪದ ಕಂಡಲ್ಲೆಲ್ಲ ಇಸವಿ ಪರಿಶೀಲಿಸಿ. ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲಾತಿಗೆ ಚಿತ್ರ ಸೇರಿದ್ದು 2023ರಲ್ಲಿ. ಅದಕ್ಕೂ ಹಿಂದಿನ ಪಟ್ಟಿಗಳಲ್ಲಿ ಈ ಸಂಗತಿ ಇರುವುದಿಲ್ಲ.

ಹಂತ 8: ಬರೆಯುವ ರೀತಿ

ಪ್ರತಿ ನಮೂದಿಗೂ ಐದು ಭಾಗ ಇರಲಿ: ಬಗೆ, ಪ್ರತಿ, ಸಮಯ, ಏನು ಕಾಣುತ್ತದೆ, ಏಕೆ ಸಮರ್ಥಿಸಲಾಗದು. ‘ಲೋಟ ಬದಲಾಗುತ್ತದೆ’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ‘ಬ್ಲೂ-ರೇ, ಇಂಥ ನಿಮಿಷ, ಮೊದಲ ಶಾಟ್‌ನಲ್ಲಿ ಲೋಟ ಅರ್ಧ, ಮುಂದಿನ ಶಾಟ್‌ನಲ್ಲಿ ಅಂಚಿನವರೆಗೆ, ನಡುವೆ ಯಾರೂ ತುಂಬಿಸಿಲ್ಲ’ ಎಂದು ಬರೆದರೆ ಓದುಗರು ತಾವೇ ಹೋಗಿ ನೋಡಬಲ್ಲರು.

ಕಂಟಿನ್ಯುಯಿಟಿ ನೋಡಿಕೊಂಡವರನ್ನು ಹಂಗಿಸುವ ಭಾಷೆ ಬೇಡ. ದಿನಕ್ಕೆ ಹತ್ತಾರು ಶಾಟ್, ಒಂದೊಂದಕ್ಕೂ ಹಲವು ಟೇಕ್, ಹನ್ನೊಂದು ಮಕ್ಕಳ ಗುಂಪು: ಇಷ್ಟರ ನಡುವೆ ಅವರು ತಪ್ಪಿಸಿದ ನೂರಾರು ತಪ್ಪುಗಳು ನಮಗೆ ಕಾಣುವುದೇ ಇಲ್ಲ.

ಪ್ರಕಟಿಸುವ ಮುನ್ನ ಇನ್ನೊಬ್ಬರಿಗೆ ಬರೀ ಸಮಯ ಕೊಟ್ಟು, ಏನು ಹುಡುಕಬೇಕೆಂದು ಹೇಳದೆ, ಆ ಭಾಗ ನೋಡಲು ಬಿಡಿ. ಎರಡು ಮೂರು ಸಲ ನೋಡಿದ ಮೇಲೂ ಅವರಿಗೆ ಕಾಣದಿದ್ದರೆ ಆ ನಮೂದಿನ ಪಕ್ಕ ‘ಫ್ರೇಮ್ ನಿಲ್ಲಿಸಿದಾಗ ಮಾತ್ರ ಕಾಣುತ್ತದೆ’ ಎಂದು ಸೇರಿಸಿ. ತೋರಿಸಿದ ಮೇಲೂ ಅವರು ಒಪ್ಪದಿದ್ದರೆ ಅದನ್ನು ಪಟ್ಟಿಯಿಂದ ತೆಗೆಯಿರಿ.